ಕ್ಯೂಬಿಟ್ ಲೆಕ್ಕ ಆಯಿತು, ಕೊಂಡಿ ಎಲ್ಲಿ?

ಕ್ವಾಂಟಂ ಪ್ರೋಗ್ರಾಂನಲ್ಲಿ ಒಂದು ಸಾಲು ಬರೆದಿದ್ದೀರಿ ಎಂದುಕೊಳ್ಳಿ: ಈ ಕ್ಯೂಬಿಟ್ ಅನ್ನು ಎಕ್ಸ್ ಅಕ್ಷದ ಸುತ್ತ 0.5ರಷ್ಟು ತಿರುಗಿಸು. (ಕ್ಯೂಬಿಟ್ ಎಂದರೆ ಕ್ವಾಂಟಂ ಯಂತ್ರದ ಮಾಹಿತಿಯ ಮೂಲ ಘಟಕ.) ಐಬಿಎಂನ ಕಿಸ್ಕಿಟ್ ತಂತ್ರಾಂಶ ಇದನ್ನು 0.5 ರೇಡಿಯನ್ ಎಂದು ಓದಿಕೊಂಡು ಸುಮಾರು 28.65 ಡಿಗ್ರಿ ತಿರುಗಿಸುತ್ತದೆ. ಕ್ವಾಂಟಿನಮ್ ಕಂಪನಿಯ ಟಿಕೆಟ್ ಎಂಬ ತಂತ್ರಾಂಶಕ್ಕೆ ಅದೇ ಸಂಖ್ಯೆ ಕೊಟ್ಟರೆ ಅರ್ಧ ಸುತ್ತಿನಲ್ಲಿ ಅರ್ಧ ಎಂದು ತಿಳಿದು 90 ಡಿಗ್ರಿ ತಿರುಗಿಸುತ್ತದೆ. ಸೊನ್ನೆಯಿಂದ ಹೊರಟ ಕ್ಯೂಬಿಟ್ ಅನ್ನು ಹೀಗೆ ತಿರುಗಿಸಿ ಅಳೆದರೆ ಕಿಸ್ಕಿಟ್‌ನಲ್ಲಿ ನೂರಕ್ಕೆ ಸುಮಾರು 6 ಸಲ 'ಒಂದು' ಬರುತ್ತದೆ, ಟಿಕೆಟ್‌ನಲ್ಲಿ 50 ಸಲ. ಎರಡೂ ಕಡೆ ಪ್ರೋಗ್ರಾಂ ಚಕಾರವೆತ್ತದೆ ಓಡುತ್ತದೆ. ಕೆಂಪು ಅಕ್ಷರದ ಎಚ್ಚರಿಕೆಯೇನೂ ಬರುವುದಿಲ್ಲ.

ಮೆಟ್ರಿಕ್ ಪದ್ಧತಿ ಬರುವ ಮೊದಲು ಸೇರು ಎನ್ನುವುದು ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು. ಒಂದು ಸಂತೆಯ ಸೇರಿನಲ್ಲಿ ಅಳೆದ ರಾಗಿ ಇನ್ನೊಂದು ಸಂತೆಯಲ್ಲಿ ಹೆಚ್ಚೋ ಕಡಿಮೆಯೋ ಆಗುತ್ತಿತ್ತು. ಕ್ವಾಂಟಂ ತಂತ್ರಾಂಶ ಈಗ ಹೆಚ್ಚುಕಡಿಮೆ ಅಂಥದೇ ಕಾಲದಲ್ಲಿದೆ. ಒಂದು ಅಳತೆಯನ್ನು ಇನ್ನೊಂದಕ್ಕೆ ಸರಿಯಾಗಿ ದಾಟಿಸುವ ಕೆಲಸ ಮಾಡುವುದು 'ಎಕ್ಸ್‌ಟೆನ್ಶನ್' ಎಂದು ಕರೆಸಿಕೊಳ್ಳುವ ಸಣ್ಣ ಸಣ್ಣ ಮುಕ್ತ ತಂತ್ರಾಂಶಗಳು. ಸುದ್ದಿ ಬರುವುದು ಯಂತ್ರದಲ್ಲಿ ಎಷ್ಟು ಕ್ಯೂಬಿಟ್ ಇವೆ ಎಂಬ ಬಗ್ಗೆ. ಆದರೆ ಯಂತ್ರ ಕೊಟ್ಟ ಉತ್ತರವನ್ನು ನಂಬಬಹುದೋ ಇಲ್ಲವೋ ಎಂಬುದರಲ್ಲಿ ಈ ಕೊಂಡಿಗಳ ಪಾಲು ದೊಡ್ಡದು.

ಒಬ್ಬೊಬ್ಬರದೂ ಒಂದೊಂದು ದಾರಿ

ಐಬಿಎಂ 2016ರ ಮೇ ತಿಂಗಳಲ್ಲಿ 5 ಕ್ಯೂಬಿಟ್‌ಗಳ ಯಂತ್ರವೊಂದನ್ನು ಇಂಟರ್ನೆಟ್ ಮೂಲಕ ಎಲ್ಲರಿಗೂ ತೆರೆದಿಟ್ಟಿತು. ಮನೆಯಲ್ಲಿ ಕೂತು ಕ್ವಾಂಟಂ ಯಂತ್ರಕ್ಕೆ ಕೆಲಸ ಕೊಡಬಹುದು ಎನ್ನುವುದು ಆಗ ಬಹುತೇಕರಿಗೆ ಹೊಸ ಸಂಗತಿ. ಮರುವರ್ಷ ಮಾರ್ಚ್‌ನಲ್ಲಿ ಅದಕ್ಕೆ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯಲು ಕಿಸ್ಕಿಟ್ ಬಂತು. 2017ರಲ್ಲೇ ಕ್ಯಾಲಿಫೋರ್ನಿಯಾದ ರಿಗೆಟ್ಟಿ ಕಂಪನಿ ಪೈಕ್ವಿಲ್ ತಂದಿತು, ವರ್ಷದ ಕೊನೆಗೆ ಮೈಕ್ರೋಸಾಫ್ಟ್ ಕ್ಯೂ-ಶಾರ್ಪ್ ಎಂಬ ಹೊಸ ಭಾಷೆಯನ್ನೇ ಹೊರಬಿಟ್ಟಿತು. 2018ರಲ್ಲಿ ಗೂಗಲ್‌ನ ಸರ್ಕ್, ಕೆನಡಾದ ಕ್ಸನಾಡು ಕಂಪನಿಯ ಪೆನಿಲೇನ್ ಬಂದವು. 2019ರ ಡಿಸೆಂಬರ್‌ನಲ್ಲಿ ಅಮೆಜಾನ್ ಹಲವು ಕಂಪನಿಗಳ ಯಂತ್ರಗಳನ್ನು ಒಂದೇ ಕಡೆ ಬಾಡಿಗೆಗೆ ಕೊಡುವ ಬ್ರಾಕೆಟ್ ಸೇವೆಯನ್ನು ಪ್ರಕಟಿಸಿತು.

ಇಷ್ಟೊಂದು ಟೂಲ್‌ಕಿಟ್ ಹುಟ್ಟಿದ್ದು ಬರೀ ಪೈಪೋಟಿಯಿಂದಲ್ಲ. ಒಬ್ಬರ ಯಂತ್ರದಲ್ಲಿ ಕ್ಯೂಬಿಟ್ ಎಂದರೆ ಅತಿಶೀತದಲ್ಲಿಟ್ಟ ಸೂಪರ್‌ಕಂಡಕ್ಟರ್ ಮಂಡಲ. ಇನ್ನೊಬ್ಬರದರಲ್ಲಿ ವಿದ್ಯುತ್ ಕ್ಷೇತ್ರದಲ್ಲಿ ತೇಲಿಸಿಟ್ಟ ಅಯಾನು, ಮತ್ತೊಬ್ಬರದರಲ್ಲಿ ಬೆಳಕಿನ ಕಣ. ಐಬಿಎಂನ ಹಲವು ಚಿಪ್‌ಗಳಲ್ಲಿ ಒಂದು ಕ್ಯೂಬಿಟ್‌ಗೆ ಹೆಚ್ಚೆಂದರೆ ಮೂರು ನೆರೆಯವು. ಅವುಗಳ ಜೊತೆ ಮಾತ್ರ ಅದಕ್ಕೆ ನೇರ ವ್ಯವಹಾರ ಸಾಧ್ಯ. ಅಯಾನು ಯಂತ್ರಗಳಲ್ಲಿ ಯಾವ ಕ್ಯೂಬಿಟ್ ಬೇಕಾದರೂ ಯಾವುದರ ಜೊತೆಗಾದರೂ ಸೇರಬಹುದು. ಯಂತ್ರದ ಗುಣ ಬೇರೆಯಾದಾಗ ಅದನ್ನು ನಡೆಸುವ ಪರಿಕರವೂ ಬೇರೆಯಾಗುತ್ತದೆ.

ಕಷ್ಟ ಬರುವುದು ಬಳಸುವವರಿಗೆ. ರಸಾಯನಶಾಸ್ತ್ರದ ಲೆಕ್ಕವೊಂದನ್ನು ಒಂದು ಟೂಲ್‌ಕಿಟ್‌ನಲ್ಲಿ ಬರೆದವರು ಇನ್ನೊಂದು ಯಂತ್ರದಲ್ಲಿ ಓಡಿಸಿ ನೋಡಬೇಕೆಂದರೆ ಮೊದಲಿಂದ ಬರೆಯಬೇಕು. 5 ಟೂಲ್‌ಕಿಟ್, 5 ಯಂತ್ರ ಇದ್ದು, ಪ್ರತಿಯೊಂದಕ್ಕೂ ಪ್ರತಿಯೊಂದನ್ನು ಜೋಡಿಸುವುದಾದರೆ 25 ಕೊಂಡಿ ಬೇಕು. ನಡುವೆ ಒಂದು ಸಾಮಾನ್ಯ ರೂಪ ಇಟ್ಟುಕೊಂಡರೆ 10 ಸಾಕು: ಬರುವುದಕ್ಕೆ 5, ಹೋಗುವುದಕ್ಕೆ 5. ಟಿಕೆಟ್ ಹುಟ್ಟಿದ್ದು ಈ ಸರಳ ಲೆಕ್ಕದಿಂದ.

ಎದುರಾಳಿಯ ಯಂತ್ರಕ್ಕೂ ದಾರಿ

2014ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಶುರುವಾದ ಕೇಂಬ್ರಿಜ್ ಕ್ವಾಂಟಂ ಕಂಪ್ಯೂಟಿಂಗ್‌ಗೆ ಆಗ ಸ್ವಂತ ಯಂತ್ರ ಇರಲಿಲ್ಲ. ಬೇರೆಯವರ ಯಂತ್ರಗಳಿಗೆ ಪ್ರೋಗ್ರಾಂ ಹೊಂದಿಸಿಕೊಡುವ ಕಂಪೈಲರ್ ಬರೆಯುವುದೇ ಅದರ ಕಸುಬಾಯಿತು. ರಾಸ್ ಡಂಕನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಟಿಕೆಟ್ ಅನ್ನು 'ಮರುಗುರಿ ಮಾಡಬಲ್ಲ' ಕಂಪೈಲರ್ ಎಂದು ಬಣ್ಣಿಸಿದ್ದರು. ಅಂದರೆ ಅದೇ ಪ್ರೋಗ್ರಾಂ, ಇವತ್ತು ಈ ಯಂತ್ರಕ್ಕೆ, ನಾಳೆ ಆ ಯಂತ್ರಕ್ಕೆ. ಒಳಗಿನ ಎಂಜಿನ್ ಸಿ-ಪ್ಲಸ್-ಪ್ಲಸ್‌ನಲ್ಲಿದೆ. ಬಳಸುವವರ ಕೈಗೆ ಸಿಗುವ ಪೈಥಾನ್ ಹೊದಿಕೆಯ ಹೆಸರು ಪೈಟಿಕೆಟ್. 2021ರಲ್ಲಿ ಟಿಕೆಟ್‌ನ ಮೂಲ ಕೋಡ್ ಅಪಾಚೆ 2.0 ಪರವಾನಗಿಯಡಿ ಮುಕ್ತವಾಯಿತು. ಅದೇ ವರ್ಷ ಕಂಪನಿ ಹನಿವೆಲ್‌ನ ಕ್ವಾಂಟಂ ವಿಭಾಗದ ಜೊತೆ ಸೇರಿ ಕ್ವಾಂಟಿನಮ್ ಆಯಿತು. ಹನಿವೆಲ್ ಕಡೆಯಿಂದ ಅಯಾನು ಯಂತ್ರ ಬಂತು, ಕೇಂಬ್ರಿಜ್ ಕಡೆಯಿಂದ ತಂತ್ರಾಂಶ.

ಪೈಟಿಕೆಟ್‌ನ ಸುತ್ತ ಎಕ್ಸ್‌ಟೆನ್ಶನ್‌ಗಳ ಒಂದು ಬಳಗವೇ ಇದೆ: ಸರ್ಕ್‌ಗೆ ಒಂದು, ಬ್ರಾಕೆಟ್‌ಗೆ ಒಂದು, ಪೆನಿಲೇನ್‌ಗೆ ಒಂದು. ಈ ಪೈಕಿ ಪೈಟಿಕೆಟ್-ಕಿಸ್ಕಿಟ್ ಅನ್ನು ಬಿಚ್ಚಿ ನೋಡುವುದು ಒಳ್ಳೆಯದು, ಯಾಕೆಂದರೆ ಅದು ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. ಪೈಟಿಕೆಟ್‌ನಲ್ಲಿ ಬರೆದ ಸರ್ಕ್ಯೂಟ್ ಅನ್ನು, ಅಂದರೆ ಕ್ಯೂಬಿಟ್‌ಗಳ ಮೇಲೆ ನಡೆಸುವ ಕ್ರಿಯೆಗಳ ಸರಣಿಯನ್ನು, ಕಿಸ್ಕಿಟ್ ರೂಪಕ್ಕೂ, ಕಿಸ್ಕಿಟ್‌ನದನ್ನು ಪೈಟಿಕೆಟ್ ರೂಪಕ್ಕೂ ದಾಟಿಸುತ್ತದೆ. ಐಬಿಎಂ ಯಂತ್ರಗಳನ್ನೂ, ಲ್ಯಾಪ್‌ಟಾಪ್‌ನಲ್ಲೇ ಓಡುವ ಏರ್ ಎಂಬ ಸಿಮ್ಯುಲೇಟರ್ ಅನ್ನೂ ಪೈಟಿಕೆಟ್ ಬಳಕೆದಾರರಿಗೆ ಒದಗಿಸುತ್ತದೆ. ಇನ್ನೊಂದು ದಿಕ್ಕಿನಲ್ಲಿ, ಕಿಸ್ಕಿಟ್ ಬಿಟ್ಟು ಬರಲು ಮನಸ್ಸಿಲ್ಲದವರು ಪೈಟಿಕೆಟ್‌ಗೆ ಗೊತ್ತಿರುವ ಯಂತ್ರಗಳನ್ನು ಕಿಸ್ಕಿಟ್‌ನ ಯಂತ್ರಗಳಂತೆಯೇ ಬಳಸಲೂ ಅನುವು ಮಾಡಿಕೊಡುತ್ತದೆ. ಯಂತ್ರ ಮಾರುವ ಕಂಪನಿಯೊಂದು ತನ್ನ ಎದುರಾಳಿಯ ಯಂತ್ರಕ್ಕೆ ಹೋಗುವ ದಾರಿಯನ್ನು ತಾನೇ ದುರಸ್ತಿಯಲ್ಲಿಡುತ್ತಿದೆ. ಇದನ್ನು ಉದಾರತೆ ಎನ್ನಬೇಕಾಗಿಲ್ಲ. ಬಳಸುವವರು ಕಿಸ್ಕಿಟ್‌ನಲ್ಲಿ ಇದ್ದಾರೆ. ಅವರನ್ನು ತಲುಪದ ಕಂಪೈಲರ್ ಎಷ್ಟು ಚೆನ್ನಾಗಿದ್ದರೂ ಕಪಾಟಿನಲ್ಲೇ ಉಳಿಯುತ್ತದೆ.

ಸರ್ಕ್ಯೂಟ್ ದಾಟುವ ಬಗೆ

ಕೊಂಡಿಯೊಳಗೆ ಏನು ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಕೋನದ ವಿಷಯ ಸುಲಭ: ಟಿಕೆಟ್‌ನ ಸಂಖ್ಯೆಯನ್ನು ಪೈನಿಂದ ಗುಣಿಸಿದರೆ ಕಿಸ್ಕಿಟ್‌ನ ರೇಡಿಯನ್ ಸಿಗುತ್ತದೆ. ಸಂಖ್ಯೆಯ ಬದಲು ಅಲ್ಫಾ, ಬೀಟಾ ಎಂದು ಚಿಹ್ನೆ ಇಟ್ಟಿದ್ದರೂ ಆ ಗುಣಾಕಾರವನ್ನು ಚಿಹ್ನೆಯ ಮೇಲೆಯೇ ಮಾಡಿ ದಾಟಿಸಬೇಕು.

ಎರಡನೆಯದು ಸಾಲಿನ ಕ್ರಮ. ಮೂರು ಕ್ಯೂಬಿಟ್‌ಗಳಿವೆ, 0, 1, 2 ಎಂದು ಹೆಸರು. 0ನೆಯದನ್ನು ಮಾತ್ರ ತಿರುವಿಹಾಕಿ 'ಒಂದು' ಮಾಡಿ, ಮೂರನ್ನೂ ಅಳೆಯಿರಿ. ಕಿಸ್ಕಿಟ್ 001 ಎಂದು ಬರೆಯುತ್ತದೆ, ಯಾಕೆಂದರೆ ಅದು 0ನೆಯ ಕ್ಯೂಬಿಟ್ ಅನ್ನು ಬಲತುದಿಯಲ್ಲಿಡುತ್ತದೆ. ಪೈಟಿಕೆಟ್ 0ನೆಯದನ್ನು ಎಡತುದಿಯಲ್ಲಿಟ್ಟು 100 ಎಂದು ತೋರಿಸುತ್ತದೆ. ದ್ವಿಮಾನ ಸಂಖ್ಯೆಯಾಗಿ ಓದಿದರೆ ಒಂದರಲ್ಲಿ ಉತ್ತರ 1, ಇನ್ನೊಂದರಲ್ಲಿ 4. ಎರಡೂ ಸರಿ, ಯಾರ ಕ್ರಮ ಎಂದು ಗೊತ್ತಿದ್ದರೆ.

ಇಲ್ಲೊಂದು ಸೋಜಿಗವಿದೆ. ಕ್ವಾಂಟಂ ಕಲಿಯಲು ಹೊರಟವರು ಮೊದಲು ಓಡಿಸುವುದು ಬೆಲ್ ಸರ್ಕ್ಯೂಟ್. ಎರಡು ಕ್ಯೂಬಿಟ್‌ಗಳನ್ನು ಹೆಣೆದು ಅಳೆದರೆ ಅರ್ಧದಷ್ಟು ಸಲ 00, ಅರ್ಧದಷ್ಟು ಸಲ 11 ಬರುತ್ತದೆ. ಈ ಉತ್ತರಗಳನ್ನು ಹಿಂದುಮುಂದು ಮಾಡಿದರೂ ಅವೇ ಇರುತ್ತವೆ. ಅಂದರೆ ಕೊಂಡಿ ಬರೆದವರು ಕ್ರಮವನ್ನು ತಲೆಕೆಳಗು ಮಾಡಿದ್ದರೆ, ಎಲ್ಲರೂ ನೆಚ್ಚಿಕೊಂಡ ಈ ಪರೀಕ್ಷೆ ಅದನ್ನು ಎಂದೂ ಹಿಡಿದುಕೊಡುವುದಿಲ್ಲ. 'ಬೆಲ್ ಓಡಿತು, ಎಲ್ಲ ಸರಿಯಾಗಿದೆ' ಎನ್ನುವ ಮಾತಿಗೆ ಬೆಲೆ ಕಡಿಮೆ. ಪರೀಕ್ಷೆಗೆ ಎಡಬಲ ಬೇರೆಬೇರೆ ಇರುವ ಸೊಟ್ಟ ಸರ್ಕ್ಯೂಟ್‌ಗಳೇ ಬೇಕು.

ಮೂರನೆಯ ಹಂತದಲ್ಲಿ ಸರ್ಕ್ಯೂಟ್ ಅನ್ನು ಯಂತ್ರಕ್ಕೆ ಗೊತ್ತಿರುವ ಗೇಟ್‌ಗಳಿಗೆ, ಅಂದರೆ ಮೂಲ ಕ್ರಿಯೆಗಳಿಗೆ, ಇಳಿಸಬೇಕು. ಪಠ್ಯಪುಸ್ತಕದಲ್ಲಿ ಹಡಮಾರ್ಡ್ ಗೇಟ್ ಎಲ್ಲ ಕಡೆ ಇರುತ್ತದೆ, ಆದರೆ ಐಬಿಎಂ ಯಂತ್ರಕ್ಕೆ ಅದು ಹುಟ್ಟುಗೇಟ್ ಅಲ್ಲ. ಜೆಡ್ ಅಕ್ಷದ ಸುತ್ತ 90 ಡಿಗ್ರಿ ತಿರುವು, ಎಕ್ಸ್ ಗೇಟಿನ ವರ್ಗಮೂಲ, ಮತ್ತೆ ಜೆಡ್ ಸುತ್ತ 90 ಡಿಗ್ರಿ. ಈ ಮೂರನ್ನು ಸಾಲಾಗಿ ಇಟ್ಟಾಗ ಹಡಮಾರ್ಡ್ ಆಗುತ್ತದೆ. ಇನ್ನು ನೆರೆಯವಲ್ಲದ ಎರಡು ಕ್ಯೂಬಿಟ್‌ಗಳನ್ನು ಸೇರಿಸಬೇಕಾದರೆ ಒಂದನ್ನು ಸ್ವಾಪ್ (ಅದಲುಬದಲು) ಮಾಡುತ್ತಾ ಹತ್ತಿರ ತರಬೇಕು. ಒಂದು ಸ್ವಾಪ್ ಎಂದರೆ ಮೂರು ಸಿನಾಟ್ ಗೇಟ್. ಇಂದಿನ ಯಂತ್ರಗಳಲ್ಲಿ ತಪ್ಪು ಹೆಚ್ಚಾಗಿ ನುಸುಳುವುದು ಇಂಥ ಎರಡು ಕ್ಯೂಬಿಟ್‌ಗಳ ಗೇಟ್‌ಗಳಲ್ಲೇ. ಹಾಗಾಗಿ ಸ್ವಾಪ್ ಉಳಿಸಿದ ಕಂಪೈಲರೇ ಜಾಣ ಕಂಪೈಲರ್.

ಆ ಜಾಣತನದಲ್ಲೇ ನಾಲ್ಕನೆಯ ತೊಡಕು ಅಡಗಿದೆ. ಎರಡು ಕ್ಯೂಬಿಟ್‌ಗಳ ಜಾಗ ಬದಲಿಸುವ ಬದಲು ಅವುಗಳ ಹೆಸರು ಬದಲಿಸಿದರೂ ಕೆಲಸ ಆಗುತ್ತದೆ. ಮೂರು ಗೇಟ್ ಉಳಿತಾಯವಾಗುತ್ತದೆ. ಟಿಕೆಟ್ ಹೀಗೆ ಮಾಡಿ, ಇಂಥದು ಇಂಥದಾಯಿತು ಎಂದು ಒಳಗೆ ಬರೆದಿಟ್ಟುಕೊಳ್ಳುತ್ತದೆ. ಕಿಸ್ಕಿಟ್ ಸರ್ಕ್ಯೂಟ್‌ನಲ್ಲಿ ಇಂಥ ಗುಪ್ತ ಟಿಪ್ಪಣಿಗೆ ಜಾಗವಿಲ್ಲ. ದಾಟಿಸುವಾಗ ಆ ಟಿಪ್ಪಣಿ ಬಿದ್ದುಹೋದರೆ ಒಬ್ಬರ ಉತ್ತರ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಅದಕ್ಕೇ ಪೈಟಿಕೆಟ್-ಕಿಸ್ಕಿಟ್ ಇಂಥ ಸರ್ಕ್ಯೂಟ್ ಕಂಡಾಗ ಎಚ್ಚರಿಸುತ್ತದೆ, ಬೇಕೆಂದರೆ ಬಚ್ಚಿಟ್ಟ ಅದಲುಬದಲನ್ನು ನಿಜವಾದ ಸ್ವಾಪ್ ಗೇಟ್ ಆಗಿ ಬರೆದುಕೊಡುತ್ತದೆ. ಹೀಗೆ ಕೊಂಡಿ ಬರೆಯುವವರು ಪ್ರತಿ ಹೆಜ್ಜೆಗೂ ಒಂದೊಂದು ತೀರ್ಮಾನ ಮಾಡಬೇಕಾಗುತ್ತದೆ. ಆ ತೀರ್ಮಾನಗಳನ್ನು ಬಳಸುವವರು ನೋಡುವಂತಿರಬೇಕು.

ಸದ್ದಿಲ್ಲದ ತಪ್ಪು

ನೋಡುವಂತಿರಬೇಕು ಎನ್ನುವುದು ಮುಕ್ತ ತಂತ್ರಾಂಶದವರ ಹಳೆಯ ಘೋಷಣೆ. ಕ್ವಾಂಟಂನಲ್ಲಿ ಅದಕ್ಕೆ ಹೊಸ ತೂಕ ಬಂದಿದೆ. ಬ್ಯಾಂಕಿನ ತಂತ್ರಾಂಶದಲ್ಲಿ ತಪ್ಪಾದರೆ ಖಾತೆಯ ಲೆಕ್ಕ ತಾಳೆಯಾಗುವುದಿಲ್ಲ, ಯಾರಾದರೂ ಕೂಗು ಹಾಕುತ್ತಾರೆ. ಕ್ವಾಂಟಂ ಯಂತ್ರದ ಉತ್ತರ ಬರುವುದೇ ಸಂಭವನೀಯತೆಯ ರೂಪದಲ್ಲಿ. ಅದೇ ಸರ್ಕ್ಯೂಟ್ ಅನ್ನು ಸಾವಿರಾರು ಸಲ ಓಡಿಸಿ, ಯಾವ ಉತ್ತರ ಎಷ್ಟು ಸಲ ಬಂತು ಎಂದು ಎಣಿಸುತ್ತಾರೆ. ಆ ಎಣಿಕೆಯ ಮೇಲೆ ಯಂತ್ರದ ಗದ್ದಲವೂ ಸೇರಿಕೊಳ್ಳುತ್ತದೆ. ಫಲಿತಾಂಶ ಸಿದ್ಧಾಂತಕ್ಕಿಂತ ಸ್ವಲ್ಪ ಆಚೀಚೆಯಾದರೆ ಯಾರೂ ಹುಬ್ಬೇರಿಸುವುದಿಲ್ಲ. ಯಂತ್ರದ ದೋಷ ಎಂದುಕೊಂಡು ಮುಂದೆ ಹೋಗುತ್ತಾರೆ. ದೋಷ ಯಂತ್ರದ್ದೋ ಕೊಂಡಿಯದ್ದೋ ಎಂದು ಉತ್ತರದ ಮುಖ ನೋಡಿ ಹೇಳಲು ಬರುವುದಿಲ್ಲ.

ಅಣುಗಳ ಶಕ್ತಿ ಕಂಡುಹಿಡಿಯಲು ಬಳಸುವ ಒಂದು ಬಗೆಯ ಲೆಕ್ಕದಲ್ಲಿ ಸರ್ಕ್ಯೂಟ್‌ನ ಕೋನಗಳನ್ನು ಸಾಮಾನ್ಯ ಕಂಪ್ಯೂಟರ್ ಒಂದು ಸ್ವಲ್ಪ ಸ್ವಲ್ಪವೇ ತಿದ್ದುತ್ತಾ ಹೋಗುತ್ತದೆ. ಇಲ್ಲಿ ಕೋನದ ಅಳತೆ ತಪ್ಪಿದರೂ ತಿದ್ದುವ ಕಂಪ್ಯೂಟರ್ ಅದಕ್ಕೆ ಹೊಂದಿಕೊಂಡು ಬೇರೆ ಸಂಖ್ಯೆ ಹುಡುಕಿಕೊಳ್ಳುತ್ತದೆ. ಲೆಕ್ಕ ಓಡುತ್ತದೆ, ಉತ್ತರವೂ ಬರುತ್ತದೆ. ಆದರೆ ತಿದ್ದದೆ ಬಿಟ್ಟ ಕೋನಗಳು ತಪ್ಪಾಗಿಯೇ ಉಳಿದಿರುತ್ತವೆ. ಪ್ರಕಟಿಸಿದ ಕೋನಗಳನ್ನು ಇನ್ನೊಬ್ಬರು ಬೇರೆ ಟೂಲ್‌ಕಿಟ್‌ಗೆ ಹಾಕಿದಾಗ ಏನೋ ಒಂದು ಬರುತ್ತದೆ.

ಇದನ್ನು ತಡೆಯುವ ಉಪಾಯ ಹಳೆಯದೇ. ಸಣ್ಣ ಸರ್ಕ್ಯೂಟ್ ಒಂದನ್ನು ದಾಟಿಸುವ ಮೊದಲು ಮತ್ತು ನಂತರ ಅದರ ಪೂರ್ಣ ಮ್ಯಾಟ್ರಿಕ್ಸ್ ಬರೆದು ಹೋಲಿಸಬೇಕು. 3 ಕ್ಯೂಬಿಟ್‌ಗೆ 8 ಸಾಲು, 8 ಕಂಬ. 10 ಕ್ಯೂಬಿಟ್‌ಗೆ 1,024 ಸಾಲು, 1,024 ಕಂಬ. ಮನೆಗಳ ಸಂಖ್ಯೆ ಹತ್ತು ಲಕ್ಷ ದಾಟುತ್ತದೆ. ಇನ್ನೂ ಮೇಲೆ ಹೋದಂತೆ ಯಾವ ಕಂಪ್ಯೂಟರಿನಲ್ಲೂ ಹೋಲಿಸಲು ಆಗದು. ಯಂತ್ರ ದೊಡ್ಡದಾದಷ್ಟೂ ಉತ್ತರ ಪರೀಕ್ಷಿಸುವುದು ಕಷ್ಟ. ಆಗ ನಮಗೆ ಉಳಿಯುವುದು ಕೋಡ್ ಓದುವ ದಾರಿ. ಕೋಡ್ ಮುಚ್ಚಿಟ್ಟರೆ ಅದೂ ಇಲ್ಲ.

ಪೈಪೋಟಿಯ ಮಾತಿಗೂ ಇದು ಅನ್ವಯ. 2024ರಲ್ಲಿ ಐಬಿಎಂ ಸಂಶೋಧಕರು ಬೆಂಚ್‌ಪ್ರೆಸ್ ಎಂಬ ಪರೀಕ್ಷಾಮಾಲೆ ಪ್ರಕಟಿಸಿ, ಹಲವು ಟೂಲ್‌ಕಿಟ್‌ಗಳನ್ನು ಸಾವಿರಕ್ಕೂ ಹೆಚ್ಚು ಪರೀಕ್ಷೆಗಳಿಗೆ ಒಡ್ಡಿ, ಕಿಸ್ಕಿಟ್ ಮುಂದಿದೆ ಎಂದರು. ಸ್ಪರ್ಧಿಯೇ ತೀರ್ಪುಗಾರನಾದರೆ ಅನುಮಾನ ಸಹಜ. ಆದರೆ ಪರೀಕ್ಷೆಗಳೂ ಮುಕ್ತ, ಟೂಲ್‌ಕಿಟ್‌ಗಳೂ ಮುಕ್ತ ಆಗಿರುವುದರಿಂದ ಒಪ್ಪದವರು ತಾವೇ ಓಡಿಸಿ ನೋಡಬಹುದು.

ಕೆಲಸ ಮುಗಿಯುವುದೇ ಇಲ್ಲ

ಕೊಂಡಿಯ ಎರಡು ತುದಿಗಳು ಬೇರೆಬೇರೆಯವರ ಕೈಯಲ್ಲಿರುತ್ತವೆ. ಆ ಕಡೆಯವರು ಏನೇ ಬದಲಿಸಿದರೂ ಈ ಕಡೆಯವರು ಎದ್ದು ಓಡಬೇಕು. ಐಬಿಎಂ ಯಂತ್ರಗಳನ್ನು ತಲುಪಲು ಮೊದಲು ಒಂದು ಪ್ಯಾಕೇಜ್ ಇತ್ತು. ಅದನ್ನು ಕೈಬಿಟ್ಟು ಇನ್ನೊಂದು ತಂದರು. ಅದನ್ನೂ ಬಿಟ್ಟು ಈಗ 'ರನ್‌ಟೈಮ್' ಎಂಬ ಮೂರನೆಯದು ನಡೆಯುತ್ತಿದೆ. ಎರಡು ಕ್ಯೂಬಿಟ್‌ಗಳ ಹುಟ್ಟುಗೇಟ್ ಸಿನಾಟ್ ಆಗಿದ್ದದ್ದು 127 ಕ್ಯೂಬಿಟ್‌ಗಳ ಈಗಲ್ ಚಿಪ್‌ನ ಹಲವು ಯಂತ್ರಗಳಲ್ಲಿ ಇಸಿಆರ್ ಆಯಿತು, ಹೆರಾನ್ ಚಿಪ್‌ನಲ್ಲಿ ಸಿಜೆಡ್ ಆಯಿತು. 2024ರ ಫೆಬ್ರವರಿಯಲ್ಲಿ ಕಿಸ್ಕಿಟ್ 1.0 ಬಂದಾಗ, ಅಲ್ಲಿಯವರೆಗೆ ಪಾಠಗಳಲ್ಲೆಲ್ಲ ಇದ್ದ 'ಎಕ್ಸಿಕ್ಯೂಟ್' ಎಂಬ ಆಜ್ಞೆಯೇ ಮಾಯವಾಯಿತು. ಹಳೆಯ ಪ್ಯಾಕೇಜ್‌ಗಳ ರಚನೆಯ ಕಾರಣದಿಂದ ಇದ್ದಲ್ಲೇ ಅಪ್‌ಗ್ರೇಡ್ ಮಾಡಲು ಹೋದವರಿಗೆ ಕೈಕೊಟ್ಟಿತು. ಹೊಸದಾಗಿ ಪರಿಸರ ಕಟ್ಟಿಕೊಂಡು ಹಾಕಿಕೊಳ್ಳಬೇಕಾಯಿತು.

ಅಂಥ ಪ್ರತಿ ಬದಲಾವಣೆಗೂ ಎಕ್ಸ್‌ಟೆನ್ಶನ್‌ನ ಹೊಸ ಆವೃತ್ತಿ ಬರಬೇಕು. ಈ ಕೆಲಸಕ್ಕೆ ಪ್ರಶಸ್ತಿ ಇಲ್ಲ, ಪ್ರಬಂಧ ಆಗುವುದಿಲ್ಲ, ಸರಿಯಾಗಿ ಮಾಡಿದರೆ ಮಾಡಿದ್ದೇ ಯಾರಿಗೂ ತಿಳಿಯುವುದಿಲ್ಲ. ಈ ಕೊರತೆ ತುಂಬಲೆಂದೇ ಯೂನಿಟರಿ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ಮುಕ್ತ ಕ್ವಾಂಟಂ ತಂತ್ರಾಂಶಗಳಿಗೆ ಸಣ್ಣ ಅನುದಾನ ಕೊಡುತ್ತದೆ. 2021ರಿಂದ ನಡೆಸುತ್ತಿರುವ ಯೂನಿಟರಿ-ಹ್ಯಾಕ್‌ನಲ್ಲಿ ಇಂಥ ಯೋಜನೆಗಳ ಬಗ್ ಸರಿಮಾಡಿದವರಿಗೆ ಬಹುಮಾನ ಸಿಗುತ್ತದೆ.

ಎಲ್ಲರಿಗೂ ಒಂದೇ ಮಾನಕ ಮಾಡಿಬಿಟ್ಟರೆ ಕೊಂಡಿಗಳ ಗೋಜೇ ಇರುವುದಿಲ್ಲವಲ್ಲ ಎಂದು ಕೇಳಬಹುದು. ಪ್ರಯತ್ನ ನಡೆದಿದೆ. ಐಬಿಎಂ ತಂಡ 2017ರಲ್ಲಿ ಮುಂದಿಟ್ಟ ಓಪನ್-ಕ್ವಾಸಂ 2 ಅನ್ನು ಬಹುತೇಕ ಎಲ್ಲ ಟೂಲ್‌ಕಿಟ್‌ಗಳೂ ಓದುತ್ತವೆ. ಆದರೆ ಅದರಲ್ಲಿ ಬೆಲೆ ಕೊಡದೆ ಬಿಟ್ಟ ಚಿಹ್ನೆಗಳನ್ನು ಸಾಗಿಸಲು ಬರುವುದಿಲ್ಲ, ಲೂಪ್‌ಗಳಿಗೆ ಜಾಗವಿಲ್ಲ. ಮೂರನೆಯ ಆವೃತ್ತಿ ಇವನ್ನೆಲ್ಲ ಸೇರಿಸಿಕೊಂಡು ದೊಡ್ಡದಾಯಿತು. ಪೂರ್ತಿ ಅಳವಡಿಸಿಕೊಳ್ಳುವುದು ಎಲ್ಲರಿಗೂ ಹೊರೆ. ಮೈಕ್ರೋಸಾಫ್ಟ್ ಆರಂಭಿಸಿದ ಕ್ಯೂಐಆರ್ ಎಂಬ ನಡುರೂಪಕ್ಕೂ ಬೆಂಬಲಿಗರಿದ್ದಾರೆ. ಯಂತ್ರಗಳು ಇನ್ನೂ ಬದಲಾಗುತ್ತಿರುವಾಗ ಮಾನಕವನ್ನು ಬೇಗ ಗಟ್ಟಿ ಮಾಡಿದರೆ ಇಂದಿನ ಮಿತಿಗಳನ್ನೇ ನಾಳೆಗೂ ಹೊತ್ತುಕೊಂಡು ಹೋಗಬೇಕಾಗುತ್ತದೆ. ಸದ್ಯಕ್ಕೆ ಕೊಂಡಿಗಳೇ ಗತಿ, ಮತ್ತು ಅದು ಅಷ್ಟೇನೂ ಕೆಟ್ಟ ಗತಿಯಲ್ಲ.

ಬೆಂಗಳೂರಿಗೆ ಇದರಿಂದ ಏನು?

ಕೇಂದ್ರ ಸಚಿವ ಸಂಪುಟ 2023ರ ಏಪ್ರಿಲ್ 19ರಂದು 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಮಿಷನ್‌ನ ನಾಲ್ಕು ಕೇಂದ್ರಗಳ ಪೈಕಿ ಕ್ವಾಂಟಂ ಕಂಪ್ಯೂಟಿಂಗ್‌ನದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಬೆಂಗಳೂರಿನ ಕ್ಯೂಪಿಎಐ ಕಂಪನಿ 2025ರ ಏಪ್ರಿಲ್‌ನಲ್ಲಿ 25 ಕ್ಯೂಬಿಟ್‌ಗಳ ಇಂಡಸ್ ಯಂತ್ರವನ್ನು ಪ್ರಕಟಿಸಿತು. ಮುಂಬೈನ ಟಿಐಎಫ್‌ಆರ್, ಪುಣೆಯ ಡಿಆರ್‌ಡಿಒ ಪ್ರಯೋಗಾಲಯ, ಟಿಸಿಎಸ್ ಸೇರಿ 6 ಕ್ಯೂಬಿಟ್‌ಗಳ ಪ್ರೊಸೆಸರ್ ಪರೀಕ್ಷೆ ಮಾಡಿದ್ದು 2024ರಲ್ಲಿ. ಪಕ್ಕದ ರಾಜ್ಯದ ಅಮರಾವತಿಗೆ ಐಬಿಎಂನ 156 ಕ್ಯೂಬಿಟ್‌ಗಳ ಹೆರಾನ್ ಯಂತ್ರ ತರುವ ಯೋಜನೆ 2025ರಲ್ಲಿ ಪ್ರಕಟವಾಗಿದೆ.

ತಂತ್ರಾಂಶದಲ್ಲೂ ನಮ್ಮವರು ಕೈ ಹಾಕಿದ್ದಾರೆ. ವಿಜ್ಞಾನ ಸಂಸ್ಥೆ, ಐಐಟಿ ರೂರ್ಕಿ ಮತ್ತು ಸಿ-ಡ್ಯಾಕ್ ಸೇರಿ ರೂಪಿಸಿದ ಕ್ಯೂಸಿಮ್ ಎಂಬ ಸಿಮ್ಯುಲೇಟರ್ 2021ರ ಆಗಸ್ಟ್‌ನಲ್ಲಿ ಬಂತು. ಗದ್ದಲವಿರುವ ಯಂತ್ರ ಹೇಗೆ ವರ್ತಿಸುತ್ತದೆ ಎಂಬುದನ್ನು ಯಂತ್ರವಿಲ್ಲದೆಯೇ ವಿದ್ಯಾರ್ಥಿಗಳು ನೋಡಲೆಂಬುದು ಅದರ ಉದ್ದೇಶ.

ಅಂದರೆ ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಸಂಶೋಧಕಿಯೊಬ್ಬಳ ಮುಂದೆ ನಾಲ್ಕಾರು ಬಗೆಯ ಯಂತ್ರಗಳು ಇರಬಹುದು: ಊರಿನದೊಂದು, ಪುಣೆಯದೊಂದು, ಅಮರಾವತಿಯದೊಂದು, ಅಮೆರಿಕದ್ದೊಂದು. ಒಂದೊಂದಕ್ಕೂ ಒಂದೊಂದು ಟೂಲ್‌ಕಿಟ್ ಕಲಿಯಬೇಕಾಗಿ ಬಂದರೆ ಆಕೆ ಸುಲಭದ ಒಂದನ್ನು ಹಿಡಿದು ಉಳಿದದ್ದನ್ನು ಬಿಡುತ್ತಾಳೆ. ಸುಲಭದ್ದು ಯಾವಾಗಲೂ ದೊಡ್ಡ ವಿದೇಶಿ ಕಂಪನಿಯದೇ ಆಗಿರುತ್ತದೆ, ಯಾಕೆಂದರೆ ಅದಕ್ಕೆ ಪಾಠ, ಉದಾಹರಣೆ, ಬಳಗ ಎಲ್ಲವೂ ಇರುತ್ತದೆ. ಸ್ವದೇಶಿ ಯಂತ್ರ ಕಟ್ಟಿಯೂ ಓಡಿಸುವವರಿಲ್ಲ ಎಂಬ ಸ್ಥಿತಿ ಬರುವುದು ಹೀಗೆ. ಕಿಸ್ಕಿಟ್, ಪೈಟಿಕೆಟ್, ಪೆನಿಲೇನ್ ಬಲ್ಲವರು ಒಂದು ಸಾಲು ಬದಲಿಸಿ ನಮ್ಮ ಯಂತ್ರಕ್ಕೆ ಕೆಲಸ ಕಳುಹಿಸುವಂತಿದ್ದರೆ ಕಥೆಯೇ ಬೇರೆ.

ಇದಕ್ಕೆ ದೊಡ್ಡ ಬಂಡವಾಳ ಬೇಡ. ಪೈಟಿಕೆಟ್-ಕಿಸ್ಕಿಟ್ ಅನ್ನು ಇನ್‌ಸ್ಟಾಲ್ ಮಾಡಿಕೊಂಡು, ಏರ್ ಸಿಮ್ಯುಲೇಟರ್‌ನಲ್ಲಿ ಓಡಿಸಿ, ಅದರ ಪರೀಕ್ಷೆಗಳನ್ನು ಓದಲು ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಹಾಸನದ್ದೋ ಕಲಬುರಗಿಯದ್ದೋ ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿ, ಅತಿಶೀತ ಉಪಕರಣವನ್ನು ಕಣ್ಣಿನಿಂದ ಕಾಣದೆಯೂ, ಕ್ರಮ ತಪ್ಪಿದ ಒಂದು ಪರೀಕ್ಷೆ ಹಿಡಿದು ಸರಿಪಡಿಸಬಹುದು. ಪ್ರಾಜೆಕ್ಟ್ ವರ್ಕ್ ಹೆಸರಿನಲ್ಲಿ ಬೆಲ್ ಸರ್ಕ್ಯೂಟ್ ಅನ್ನೇ ಹತ್ತು ಬಗೆಯಲ್ಲಿ ಓಡಿಸುವುದಕ್ಕಿಂತ ಇದು ಹೆಚ್ಚು ಕಲಿಸುತ್ತದೆ.

ಸರ್ಕಾರದ ಕಡೆಯಿಂದ ಆಗಬೇಕಾದ್ದೂ ಒಂದಿದೆ. ಸಾರ್ವಜನಿಕ ಹಣದಲ್ಲಿ ಕಟ್ಟುವ ಪ್ರತಿ ಕ್ವಾಂಟಂ ಯಂತ್ರದ ಜೊತೆಗೆ, ಚಾಲ್ತಿಯಲ್ಲಿರುವ ಮುಕ್ತ ಟೂಲ್‌ಕಿಟ್‌ಗಳಿಗೆ ಅದನ್ನು ಜೋಡಿಸುವ ಎಕ್ಸ್‌ಟೆನ್ಶನ್ ಮತ್ತು ಅದರ ಪರೀಕ್ಷೆಗಳು ಮುಕ್ತ ಪರವಾನಗಿಯಡಿ ಹೊರಬರಬೇಕು ಎಂದು ಅನುದಾನದ ಷರತ್ತಿನಲ್ಲೇ ಬರೆಯಬೇಕು. ಅದನ್ನು ವರ್ಷವರ್ಷವೂ ನೋಡಿಕೊಳ್ಳಲು ಇಬ್ಬರು ಮೂವರು ಎಂಜಿನಿಯರ್‌ಗಳ ಸಂಬಳವನ್ನೂ ಅದೇ ಬಜೆಟ್‌ನಲ್ಲಿ ಇಡಬೇಕು. ಅತಿಶೀತ ಉಪಕರಣದ ಬೆಲೆಯ ಮುಂದೆ ಆ ಸಂಬಳ ಲೆಕ್ಕಕ್ಕೇ ಬರುವುದಿಲ್ಲ. ಅದಿಲ್ಲದಿದ್ದರೆ ಯಂತ್ರ ಉದ್ಘಾಟನೆಯ ದಿನ ಓಡುತ್ತದೆ; ಆಮೇಲೆ ಅದನ್ನು ಕಟ್ಟಿದ ನಾಲ್ಕು ಜನ ಮಾತ್ರ ಓಡಿಸುತ್ತಾರೆ.